ಅತ್ತಿಕುಪ್ಪೆಯೂ ನಮ್ಮವ್ವನ ಹೆಸರೂ

ನಮ್ಮವ್ವನ ತವರು ಮಾಕವಳ್ಳಿ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಈಗ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಕಬ್ಬು ಅರೆಯುವ ಕಾಲದಲ್ಲಿ ಆ ಕಡೆ ಹೋದರೆ ಊರು ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಮೂಗಿಗೆ ಬೀಳುತ್ತದೆ. ನಾನು ಚಿಕ್ಕವಳಾಗಿದ್ದಾಗ ಆ ಊರೆಂದರೆ ಬೇಸಿಗೆ ರಜ, ಅಜ್ಜಿಯ ಕೈಯ ರಾಗಿಮುದ್ದೆ, ಹಲಸಿನಹಣ್ಣು, ಮತ್ತು ನಮ್ಮವ್ವನ ಬೇರೆಯೇ ಒಂದು ಹೆಸರು.

ಹೌದು, ಅವ್ವನಿಗೆ ಎರಡು ಹೆಸರಿದ್ದವು. ತವರಿನಲ್ಲಿ ಇಟ್ಟದ್ದು ಊರ ಮಾರಮ್ಮನ ಹೆಸರು. ಮದುವೆಯಾಗಿ ನಮ್ಮಪ್ಪನ ಮನೆಗೆ ಬಂದಾಗ ಒಂದು ತೊಡಕಾಯಿತಂತೆ. ಅವಳ ಅತ್ತೆಯ ಹೆಸರೂ ಅದೇ. ಅತ್ತೆ ಸೊಸೆಯನ್ನು ಹೆಸರು ಹಿಡಿದು ಬೈದರೆ ತನ್ನನ್ನು ತಾನೇ ಬೈದುಕೊಂಡ ಹಾಗೆ. ಗಂಡ ಹೆಂಡತಿಯನ್ನು ಕೂಗಿದರೆ ತಾಯಿಯನ್ನು ಕೂಗಿದ ಹಾಗೆ. ಅದಕ್ಕೇ ಹೊಸಿಲು ದಾಟಿದ ದಿನವೇ ಹಿರಿಯರು ಅವಳಿಗೆ ಲಕ್ಷ್ಮಿಯ ಹೆಸರಿಟ್ಟರು. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಬೇಡವೆನ್ನಲಿಲ್ಲ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೆ ನಡೆದಿದೆ. ಓದುತ್ತಿರುವ ನಿಮ್ಮಲ್ಲೂ ಕೆಲವರ ತಾಯಂದಿರಿಗೆ, ಅತ್ತೆಯರಿಗೆ ಇಂಥ ಎರಡನೆಯ ಹೆಸರು ಇದ್ದಿರಬಹುದು.

ಚಿಕ್ಕಂದಿನಲ್ಲಿ ನನಗೆ ಇದೊಂದು ಆಟದಂತೆ ಕಾಣುತ್ತಿತ್ತು. ಮಾಕವಳ್ಳಿಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಯಾರಾದರೂ ಹೊಲದ ಬದುವಿನಿಂದ ಹಳೆಯ ಹೆಸರು ಕೂಗುತ್ತಿದ್ದರು. ಅವ್ವ ತಟ್ಟನೆ ತಿರುಗಿ ಬಾಯಿ ತುಂಬ ನಗುತ್ತಿದ್ದಳು. ನಮ್ಮೂರಿನಲ್ಲಿ ಅಷ್ಟು ಗಟ್ಟಿಯಾಗಿ ಅವಳು ನಕ್ಕದ್ದು ನನಗೆ ನೆನಪಿಲ್ಲ.

ಅವ್ವ ತೀರಿಕೊಂಡ ಮೇಲೆ ಆ ಆಟ ಲೆಕ್ಕವಾಯಿತು. ಮಾಕವಳ್ಳಿಯಲ್ಲಿ ಅವಳ ಹೆಸರಿಗೆ 20 ಗುಂಟೆ ಜಮೀನಿತ್ತು. ನಮ್ಮ ತಾತ ಮದುವೆಯಾದ ಮರುವರ್ಷ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟದ್ದು. ಪಹಣಿಯಲ್ಲಿರುವುದು ಮಾರಮ್ಮನ ಹೆಸರು. ರೇಷನ್ ಕಾರ್ಡು, ವೋಟರ್ ಪಟ್ಟಿ, ಆಧಾರ್, ಕೊನೆಗೆ ಮರಣಪತ್ರ, ಎಲ್ಲದರಲ್ಲೂ ಇರುವುದು ಲಕ್ಷ್ಮಿಯ ಹೆಸರು. ಪೌತಿ ಖಾತೆ ಮಾಡಿಸಬೇಕೆಂದರೆ ಸತ್ತವಳೂ ಜಮೀನಿನವಳೂ ಒಬ್ಬಳೇ ಎಂದು ತೋರಿಸಬೇಕು.

ನಾನು ತಾತನ ತಗಡಿನ ಪೆಟ್ಟಿಗೆಯಲ್ಲಿದ್ದ ಕಾಗದದ ಗಂಟನ್ನು ಹಾಗೇ ಎತ್ತಿಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಮೇಜಿನ ಆಚೆ ಕೂತಿದ್ದ ಹುಡುಗ ನನ್ನ ಶಿಷ್ಯರ ವಯಸ್ಸಿನವನು, ಮರ್ಯಾದಸ್ಥ. ಗಂಟು ಬಿಚ್ಚಿ ಒಂದೊಂದೇ ನೋಡಿದ. ಎಲ್ಲಕ್ಕಿಂತ ಅಡಿಯಲ್ಲಿ ತಾತನ ಅಜ್ಜನ ಕಾಲದ ಪಾಲುಪಟ್ಟಿ ಇತ್ತು. ಶಾನುಭೋಗರ ಬರವಣಿಗೆ, ಒಂದಕ್ಷರದ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡು ಓದಿ, "ಮೇಡಂ, ಇದು ಬೆಂಗಳೂರಿನ ಜಮೀನಿನ ಕಾಗದ. ಇಲ್ಲೇಕೆ ತಂದಿದ್ದೀರಿ? ಅತ್ತಿಕುಪ್ಪೆ ತಾಲ್ಲೂಕು ಅಂತಿದೆ. ವಿಜಯನಗರದ ಹತ್ತಿರ ಮೆಟ್ರೋ ನಿಲ್ಲುತ್ತಲ್ಲ, ಅದು" ಅಂದ.

ನನಗೆ ನಗು ತಡೆಯಲಾಗಲಿಲ್ಲ. 2015ರಲ್ಲಿ ಮೆಟ್ರೋ ಬಂದ ಬೆಂಗಳೂರಿನ ಅತ್ತಿಗುಪ್ಪೆ ಬೇರೆ. "ಅಪ್ಪಾ, ನೀನು ಕೂತಿರುವ ಈ ಕುರ್ಚಿಯೇ ಅತ್ತಿಕುಪ್ಪೆ ತಾಲ್ಲೂಕಿನದು" ಅಂದೆ. ಅವನಿಗೆ ಅರ್ಥವಾಗಲಿಲ್ಲ. ತಪ್ಪು ಅವನದಲ್ಲ. ಮೂವತ್ತು ವರ್ಷ ಸಮಾಜ ಪಾಠ ಮಾಡಿದ ನಾನೇ ಎಷ್ಟು ಮಕ್ಕಳಿಗೆ ಇದನ್ನು ಹೇಳಿದ್ದೇನೆ? ಪಾಣಿಪತ್ತಿನ ಮೂರು ಯುದ್ಧಗಳನ್ನೂ ಇಸವಿ ಸಹಿತ ಬಾಯಿಪಾಠ ಮಾಡಿಸಿದ್ದೇನೆ. ಮಕ್ಕಳು ದಿನಾ ಬಸ್ಸಿಳಿಯುವ ಊರಿಗೆ ಮೊದಲು ಬೇರೆ ಹೆಸರಿತ್ತೆಂದು ಹೇಳಲಿಲ್ಲ.

ಹೇಳಬೇಕಾದ್ದು ಬಹಳವೇನಿಲ್ಲ. 1891ರವರೆಗೆ ಕೃಷ್ಣರಾಜಪೇಟೆ ತಾಲ್ಲೂಕಿಗೆ ಅತ್ತಿಕುಪ್ಪೆ ಎಂಬ ಹೆಸರಿತ್ತು. ಅತ್ತಿ ಎಂದರೆ ಅತ್ತಿಮರ, ಕುಪ್ಪೆ ಎಂದರೆ ಗುಡ್ಡೆ, ರಾಶಿ. ಹೆಸರು ಕೇಳಿದರೆ ಸಾಕು, ಹಣ್ಣು ಉದುರಿ ರಾಶಿಬಿದ್ದ ಒಂದು ಮರ ಕಣ್ಣಮುಂದೆ ನಿಲ್ಲುತ್ತದೆ. ಅದು ಹೋಗಿ ಅರಸರ ಹೆಸರಿನ ಪೇಟೆ ಬಂತು. ಬಿ.ಎಲ್. ರೈಸ್ ಅವರು 1898ರಲ್ಲಿ ಈ ಭಾಗದ ಶಾಸನಗಳನ್ನು ಅಚ್ಚು ಹಾಕಿಸುವ ಹೊತ್ತಿಗೆ ಹೊಸ ಹೆಸರೇ ಗಟ್ಟಿಯಾಗಿತ್ತು. ಆಗ ನಮ್ಮದು ಮೈಸೂರು ಜಿಲ್ಲೆ. 1939ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಮಂಡ್ಯ ಜಿಲ್ಲೆ ಮಾಡಿದರು. ಇದ್ದಲ್ಲೇ ಇದ್ದ ನಮ್ಮ ತಾತ ಜಿಲ್ಲೆ ಬದಲಾಯಿಸಿದ. ಬೇಲಿ ಸರಿಯಲಿಲ್ಲ, ಹೊಳೆ ತಿರುಗಲಿಲ್ಲ, ವಿಳಾಸ ಮಾತ್ರ ಬೇರೆಯಾಯಿತು.

ನಮ್ಮ ಸುತ್ತಮುತ್ತ ಹೀಗೆ ಹೆಸರು ಬಿಟ್ಟ ಊರುಗಳು ಇನ್ನೂ ಇವೆ. ಪಾಂಡವಪುರ ಮೊದಲು ಹಿರೋಡೆ. ಹೈದರನಿಗೂ ಟಿಪ್ಪುವಿಗೂ ನೆರವಾಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಆಮೇಲೆ ಕುಂತಿಬೆಟ್ಟದ ಪಾಂಡವರ ಕಥೆ ಗೆದ್ದಿತು. ಒಂದೇ ಊರು ಮೂರು ಹೆಸರು ಹೊತ್ತು ಬಂದಿದೆ. ಕನ್ನಂಬಾಡಿಯ ಕಥೆ ಇದಕ್ಕೆ ತಿರುಗುಮುರುಗು. 1911ರಲ್ಲಿ ಕೆಲಸ ಶುರುವಾದ ಅಣೆಕಟ್ಟಿನಿಂದ ಊರೇ ನೀರಿನ ಅಡಿ ಸೇರಿತು, ಕಟ್ಟೆಗೆ ಕೃಷ್ಣರಾಜಸಾಗರ ಎಂದು ಹೆಸರಾಯಿತು. ಆದರೆ ನಮ್ಮ ಹೆಂಗಸರನ್ನು ಕೇಳಿ ನೋಡಿ. ಕನ್ನಂಬಾಡಿ ಕಟ್ಟೆ ತುಂಬಿತೇ ಎನ್ನುತ್ತಾರೆಯೇ ಹೊರತು ಬೇರೆ ಹೆಸರು ಹೇಳುವುದಿಲ್ಲ. ಊರು ಮುಳುಗಿದರೂ ಹೆಸರು ತೇಲುತ್ತಿದೆ. ಅತ್ತಿಕುಪ್ಪೆಯ ಊರು ಎದ್ದು ನಿಂತು ಬಸ್‌ಸ್ಟ್ಯಾಂಡು, ಕೋರ್ಟು, ಕಾಲೇಜು ಎಂದು ಬೆಳೆಯಿತು, ಹೆಸರು ಮುಳುಗಿತು. ಕಾಗದದ ಹೆಸರಿಗೆ ಸರ್ಕಾರ ಬೇಕು, ನಾಲಿಗೆಯ ಹೆಸರಿಗೆ ಕರೆಯುವವರು ಬೇಕು. ಅತ್ತಿಕುಪ್ಪೆಗೆ ಕರೆಯುವವರು ಉಳಿಯಲಿಲ್ಲ.

ಕಚೇರಿಯ ಹುಡುಗನಿಗೆ ಇಷ್ಟೆಲ್ಲ ಹೇಳಲು ಪುರಸೊತ್ತಿರಲಿಲ್ಲ. ಅವನು ಪಾಲುಪಟ್ಟಿಯನ್ನು ಪಕ್ಕಕ್ಕಿಟ್ಟು ತಾತನ ದಾನಪತ್ರ ಎತ್ತಿಕೊಂಡ. ಅದರಲ್ಲಿ ಅವ್ವನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಅಪ್ಪನ ಹೆಸರಿತ್ತು. ನಮ್ಮ ದಫ್ತರಗಳಲ್ಲಿ ಗಂಡಸು ಅಪ್ಪನಿಗೆ 'ಬಿನ್', ಹೆಂಗಸು ಗಂಡನಿಗೆ 'ಕೋಂ'. ಮರಣಪತ್ರದಲ್ಲಿ ಬೇರೆ ಹೆಸರು, ಅಲ್ಲಿಯೂ ಅದೇ ಗಂಡ. ಹುಡುಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದನಿ ತಗ್ಗಿಸಿ ಕೇಳಿದ: "ತಪ್ಪು ತಿಳಿಯಬೇಡಿ ಮೇಡಂ. ನಿಮ್ಮ ತಂದೆಯವರಿಗೆ ಇಬ್ಬರು ಹೆಂಡಿರಾ?"

ನಾನು ನಗಲಿಲ್ಲ. ಐವತ್ತೈದು ವರ್ಷ ಒಬ್ಬ ಗಂಡನ ಜೊತೆ ಬಾಳಿದ ಹೆಂಗಸು ಕಾಗದದ ಮೇಲೆ ತನಗೆ ತಾನೇ ಸವತಿಯಾಗಿ ಕೂತಿದ್ದಳು.

ಮನೆಗೆ ಬಂದು ಮೈಸೂರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. "ಬಿಟ್ಟುಬಿಡಕ್ಕ, 20 ಗುಂಟೆಗೆ ಎಷ್ಟು ಅಲೀತೀಯ" ಅಂದ. ಮಾಕವಳ್ಳಿಯಲ್ಲಿ ಆ ಜಮೀನನ್ನು ಉಳುತ್ತಿದ್ದವರು ಸೋದರಮಾವನ ಮಕ್ಕಳು. ಅವರೂ ಅದನ್ನೇ ಹೇಳಿದರು, ಇನ್ನೂ ನಯವಾಗಿ. "ಅಕ್ಕ, ನಮಗೇ ಬಿಟ್ಟುಕೊಡಿ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸೋದಿಲ್ಲ." ಬಾಗಿನವನ್ನು ಅವರು ಎಂದೂ ತಪ್ಪಿಸಿದವರಲ್ಲ. ಒಂದು ಮೂಟೆ ಅಕ್ಕಿ, ಎರಡು ಅಚ್ಚು ಬೆಲ್ಲವೂ ವರ್ಷಾ ವರ್ಷಾ ಬರುತ್ತಿತ್ತು. ಕಾರ್ಖಾನೆ ಬಂದ ಮೇಲೆ ಆ ಭಾಗದ ಭೂಮಿಗೆ ಬೆಲೆ ಬಂದಿದೆ, ಅದು ಅವರಿಗೂ ಗೊತ್ತು ನನಗೂ ಗೊತ್ತು. ನಾನು ಆಸೆಬುರುಕಿಯೇ ಎಂದು ರಾತ್ರಿ ಎಷ್ಟೋ ಹೊತ್ತು ನನ್ನನ್ನೇ ಕೇಳಿಕೊಂಡೆ. ಸಂಬಳ ಬರುತ್ತದೆ, ಮನೆಯಿದೆ. ತವರಿನಿಂದ ಬಂದದ್ದನ್ನು ತವರಿಗೇ ಬಿಟ್ಟರೆ ನಾಲ್ಕು ಜನ ಒಳ್ಳೆಯವಳು ಅನ್ನುತ್ತಾರೆ. ಹಾಗೆ ಬಿಟ್ಟುಕೊಟ್ಟು ಒಳ್ಳೆಯವರಾದ ಹೆಂಗಸರು ನಮ್ಮ ತಾಲ್ಲೂಕಿನ ತುಂಬ ಇದ್ದಾರೆ.

ಪಾಠ ಮಾಡುವವಳಾದ್ದರಿಂದ ಕಾಯಿದೆಯ ಇಸವಿಗಳು ತಲೆಯಲ್ಲಿದ್ದವು. ನಮ್ಮ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಬಗ್ಗೆ ಕಾಯಿದೆ ಮಾಡಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1956ರ ಉತ್ತರಾಧಿಕಾರ ಕಾಯಿದೆ. ಕರ್ನಾಟಕದಲ್ಲಿ 1994ರಲ್ಲಿ ಜಾರಿಯಾದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಬೇಲಿ ಹೋದದ್ದು 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದಾಗ. ಇದೆಲ್ಲ ಸರಿ. ನಮ್ಮ ತಾತನಿಗೆ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ, ಮಗಳಿಗೆ ಅರಿಶಿನ ಕುಂಕುಮಕ್ಕೆ ಏನಾದರೂ ಇರಲಿ ಎಂದು ತಾನೇ ಹೋಗಿ ಬರೆಸಿದ. ಕೊಟ್ಟವನು ಮಗಳ ಹೆಸರನ್ನು ತಾನು ಕರೆಯುವ ಹಾಗೆ ಬರೆಸಿದ್ದ. ಮಗಳು ಆ ಹೆಸರಿನಿಂದ ಹೊರಗೆ ಹೋಗಿಬಿಟ್ಟಿದ್ದಳು.

ಆ ಹೊತ್ತಿಗೆ ನನಗೆ ಜಮೀನಿಗಿಂತ ಆ ಹೆಸರಿನ ಚಿಂತೆಯೇ ಹೆಚ್ಚಾಗಿತ್ತು. ಖಾತೆಯಾಗದಿದ್ದರೆ ಮಾರಮ್ಮನ ಹೆಸರಿನ ಹುಡುಗಿ ಇದ್ದಳೆಂಬುದಕ್ಕೆ ಆ ಪಹಣಿಯ ಸಾಲನ್ನು ಬಿಟ್ಟರೆ ಏನೂ ಇರುವುದಿಲ್ಲ. ಅದೂ ಒಂದು ದಿನ ಅಳಿಸಿಹೋಗುತ್ತದೆ.

ನನ್ನ ತಂಗಿಯ ವರಸೆಯವಳ ಮಗಳೊಬ್ಬಳು ಗಂಡನ ಕೆಲಸದಿಂದಾಗಿ ನಾರ್ವೆ ದೇಶದ ಸ್ಟಾವಂಗರ್ ಎಂಬ ಪಟ್ಟಣದಲ್ಲಿದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. ಅತ್ತಿಕುಪ್ಪೆಯ ಕಥೆ ಹೇಳಿದರೆ ಅವಳು, "ದೊಡ್ಡಮ್ಮ, ಇಲ್ಲೂ ಹಾಗೇ ಆಗಿದೆ" ಅಂದಳು. ಅವಳ ಪಟ್ಟಣದ ಎದುರಿಗೆ ಸಮುದ್ರದಲ್ಲಿ ಫಿನ್ನೋಯ್, ರೆನ್ನೆಸೋಯ್ ಎಂಬ ದ್ವೀಪಗಳಿವೆ. ಎರಡೂ ತಮ್ಮ ತಮ್ಮದೇ ಪುರಸಭೆಯಿದ್ದ ಪ್ರದೇಶಗಳು. 2020ರ ಜನವರಿ 1ರಂದು ಎರಡನ್ನೂ ಸ್ಟಾವಂಗರಿಗೆ ಸೇರಿಸಿದರು. ಆ ದೇಶದಲ್ಲಿ 1930ರಲ್ಲಿ ಇಂಥ ಸ್ಥಳೀಯ ಸಂಸ್ಥೆಗಳು 747 ಇದ್ದವಂತೆ, ಸೇರಿಸುತ್ತ ಸೇರಿಸುತ್ತ 2020ಕ್ಕೆ 356 ಆದವು. ಫಿನ್ನೋಯ್ ಗಾಜಿನಮನೆಗಳಲ್ಲಿ ಟೊಮೇಟೊ ಬೆಳೆಯುವುದಕ್ಕೆ ಹೆಸರಾದದ್ದು. ಗಣಿತಜ್ಞ ನೀಲ್ಸ್ ಹೆನ್ರಿಕ್ ಆಬೆಲ್‌ನ ತಂದೆ ಅಲ್ಲಿ ಪಾದ್ರಿಯಾಗಿದ್ದ. ಆ ಆಬೆಲ್ ಹೆಸರಿನ ಬಹುಮಾನವನ್ನೇ 2007ರಲ್ಲಿ ನಮ್ಮ ಚೆನ್ನೈಯಲ್ಲಿ ಹುಟ್ಟಿದ ವರದನ್ ಅವರಿಗೆ ಕೊಟ್ಟರು ಎಂದು ನಮ್ಮ ಗಣಿತದ ಮೇಷ್ಟ್ರು ಆಮೇಲೆ ಹೇಳಿದರು.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಆ ದೇಶದಲ್ಲಿ ಎಷ್ಟೋ ಹಳ್ಳಿಗಾಡುಗಳಿಗೆ ಅವುಗಳದೇ ಒಂದು ದಪ್ಪ ಪುಸ್ತಕವಿರುತ್ತದಂತೆ, ಊರಪುಸ್ತಕ ಎನ್ನಬಹುದು. ಅದರಲ್ಲಿ ರಾಜರ ಕಥೆಯಲ್ಲ, ಒಂದೊಂದು ಹೊಲಮನೆಯ ಕಥೆ. ಈ ಮನೆಯಲ್ಲಿ ಯಾರಿದ್ದರು, ಯಾವ ಮನೆಯಿಂದ ಹೆಣ್ಣು ತಂದರು, ಮಕ್ಕಳು ಎಲ್ಲಿಗೆ ಹೋದರು, ತಲೆಮಾರು ತಲೆಮಾರು ಬರೆದಿರುತ್ತದೆ. ಹೊಲಮನೆಯ ಹೆಸರೇ ಎಷ್ಟೋ ಜನರಿಗೆ ಮನೆತನದ ಹೆಸರು. ಹಳ್ಳಿಯ ಹೆಣ್ಣುಮಕ್ಕಳು ಮೊದಲು ಇಂಥವನ ಮಗಳು ಎಂದು ಅಪ್ಪನ ಹೆಸರನ್ನೇ ಸಾಯುವವರೆಗೂ ಇಟ್ಟುಕೊಳ್ಳುತ್ತಿದ್ದರು. ಮದುವೆಯಾದವಳು ಗಂಡನ ಮನೆತನದ ಹೆಸರು ಹಾಕಿಕೊಳ್ಳಬೇಕು ಎಂದು 1923ರಲ್ಲಿ ಅಲ್ಲೂ ಕಾಯಿದೆಯಾಯಿತು. ಬೇಕಿದ್ದರೆ ತವರಿನದನ್ನು ಉಳಿಸಿಕೊಳ್ಳಬಹುದು ಎಂದಾಗಲು 1964 ಬರಬೇಕಾಯಿತು. ಮುಂದುವರಿದ ದೇಶ ಎನ್ನುತ್ತೇವೆ, ಅಲ್ಲೂ ಹೆಣ್ಣಿನ ಹೆಸರಿನ ಮೇಲೆ ಎಲ್ಲರ ಕೈ. ಆದರೂ ಅವರು ಪುರಸಭೆ ಹೋದ ಮೇಲೂ ಊರಪುಸ್ತಕ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಎರಡೂ ಹೋಗುತ್ತವೆ.

ಹೋಗುತ್ತವೆ ಎಂದೆನಲ್ಲ, ಅದಕ್ಕೆ ದೂರ ಹುಡುಕಬೇಕಾಗಿಲ್ಲ. ನಮ್ಮಪ್ಪನ ಅಕ್ಕ, ನಮ್ಮ ದೊಡ್ಡತ್ತೆ, 1987ರಲ್ಲಿ ಮಂಡಲ ಪಂಚಾಯಿತಿಗೆ ಆರಿಸಿ ಬಂದಿದ್ದರು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದ ಕಾಲ. ಸೀಟುಗಳಲ್ಲಿ ನಾಲ್ಕರಲ್ಲೊಂದು ಹೆಂಗಸರಿಗೆ ಎಂದು ಕಾಯಿದೆ ಮಾಡಿದ್ದರಿಂದ, ಹಟ್ಟಿಯಿಂದ ಹೊರಗೆ ಬರದಿದ್ದ ದೊಡ್ಡತ್ತೆ ಕುರ್ಚಿಯ ಮೇಲೆ ಕೂತು ಬೋರ್‌ವೆಲ್ ಎಲ್ಲಿ ಹಾಕಬೇಕೆಂದು ವಾದ ಮಾಡಿದರು. 1993ರ ಕಾಯಿದೆಯಿಂದ ಮಂಡಲಗಳು ಹೋಗಿ ಚಿಕ್ಕ ಚಿಕ್ಕ ಗ್ರಾಮ ಪಂಚಾಯಿತಿಗಳಾದವು. ಹೆಂಗಸರ ಪಾಲು ಮೂರರಲ್ಲೊಂದಾಯಿತು, 2010ರಲ್ಲಿ ಅರ್ಧಕ್ಕರ್ಧವಾಯಿತು, ಬಹಳ ಸಂತೋಷ. ಆದರೆ ಮಂಡಲದ ನಡವಳಿ ಪುಸ್ತಕಗಳು ಏನಾದವೆಂದು ಕೇಳಿದರೆ ಗೆದ್ದಲು ಎಂಬ ಉತ್ತರ ಬಂತು. ದೊಡ್ಡತ್ತೆಯ ಹೆಬ್ಬೆಟ್ಟು ಬಿದ್ದಿದ್ದ ಹಾಳೆಗಳೂ ಅದರಲ್ಲೇ ಹೋದವು. ಇಲ್ಲದ ಮಂಡಲಕ್ಕೆ ಅವರು ಸಾಯುವವರೆಗೂ ಊರವರ ಬಾಯಲ್ಲಿ 'ಮೆಂಬ್ರಮ್ಮ' ಆಗಿದ್ದರು.

ಆಗ ನನಗೆ ಹೊಳೆದದ್ದು ಶಾಲೆ. ಊರಿನಲ್ಲಿ ಗೆದ್ದಲು ತಿನ್ನದ ಹಾಗೆ ಕಾಯುವ ಪುಸ್ತಕ ಒಂದಿದ್ದರೆ ಅದು ಶಾಲೆಯ ದಾಖಲಾತಿ ಪುಸ್ತಕ. ಅದನ್ನು ಬೀರುವಿನ ಮೇಲಿನ ಅಂಕಣದಲ್ಲಿಟ್ಟು ಬೀಗ ಹಾಕುವುದು ನಮ್ಮ ಕಸುಬು. ಅವ್ವ ಎರಡು ಮೂರು ವರ್ಷ ಶಾಲೆಗೆ ಹೋಗಿದ್ದೆನೆಂದು ಹೇಳುತ್ತಿದ್ದಳು. ಒಂದು ಶನಿವಾರ ಅವಳು ಓದಿದ ಶಾಲೆಗೆ ಹೋದೆ. ಅಲ್ಲಿನ ಹೆಡ್‌ಮಿಸ್ಸು ನನ್ನ ಗುರುತು ಹಿಡಿದು ಟೀ ತರಿಸಿ, ಬಟ್ಟೆ ಸುತ್ತಿದ್ದ ಪುಸ್ತಕ ಇಳಿಸಿಕೊಟ್ಟರು. ಇಬ್ಬರೂ ಕನ್ನಡಕ ಹಾಕಿಕೊಂಡು ಕೂತೆವು.

ಗಂಡುಮಕ್ಕಳ ಹೆಸರು ಹತ್ತು ಬಂದರೆ ಹೆಣ್ಣಿನದು ಒಂದೋ ಎರಡೋ. 1952ನೆಯ ಇಸವಿಯ ಪುಟದಲ್ಲಿ ಅವ್ವ ಸಿಕ್ಕಳು. ಮಾರಮ್ಮನ ಹೆಸರು, ತಂದೆಯ ಹೆಸರು, ಊರು ಮಾಕವಳ್ಳಿ, ಅಂದಾಜಿನ ಜನ್ಮದಿನ. ಅಲ್ಲಿ 'ಕೋಂ' ಇರಲಿಲ್ಲ. ಅವಳು ಇನ್ನೂ ಯಾರ ಹೆಂಡತಿಯೂ ಆಗಿರಲಿಲ್ಲ, ನನ್ನ ತಾಯಿಯೂ ಆಗಿರಲಿಲ್ಲ, ಆರು ವರ್ಷದ ಒಂದು ಹುಡುಗಿ. ಬೆರಳನ್ನು ಅಡ್ಡಕ್ಕೆ ಸರಿಸುತ್ತ ಹೋದೆ. ಶಾಲೆ ಬಿಟ್ಟದ್ದು 1954, ಮೂರನೆಯ ತರಗತಿ. ಬಿಟ್ಟ ಕಾರಣದ ಅಂಕಣದಲ್ಲಿ ಸಾಮಾನ್ಯವಾಗಿ 'ಗೈರುಹಾಜರಿ' ಎಂದು ಬರೆದಿರುತ್ತದೆ. ಆ ಪುಣ್ಯಾತ್ಮ ಮೇಷ್ಟ್ರು ಯಾರೋ, ದುಂಡಗೆ ಬರೆದಿದ್ದರು: 'ಮಗು ನೋಡಿಕೊಳ್ಳಲು'.

ಆ ಮಗು ನಮ್ಮ ಸೋದರಮಾವ.

ಪುಟದ ನಕಲನ್ನು ಹೆಡ್‌ಮಿಸ್ಸಿನ ಸಹಿ ಮೊಹರು ಹಾಕಿಸಿಕೊಂಡು ನೇರ ಮಾವನ ಮನೆಗೆ ಹೋದೆ. ಮಾವನಿಗೆ ಎಪ್ಪತ್ತು ದಾಟಿದೆ, ಮಂಡಿನೋವು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವರ ಮಕ್ಕಳು ಒಳಗಿದ್ದರು. ನಾನು ಖಾತೆಯ ಮಾತೆತ್ತಲಿಲ್ಲ. ಶಾಲೆಯ ಪುಸ್ತಕದಲ್ಲಿ ಅವ್ವ ಸಿಕ್ಕಳು ಮಾವ ಎಂದು ಕಾಗದ ಕೊಟ್ಟೆ. ಅವರಿಗೆ ಅಕ್ಷರ ಬರುತ್ತದೆ, ಹೈಸ್ಕೂಲು ಮುಗಿಸಿದವರು. ಓದಿದರು. ಇನ್ನೊಂದು ಸಲ ಓದಿದರು. ಬಾಯಲ್ಲಿದ್ದ ಎಲೆ ಉಗಿದು ಬಂದು ಕೂತು, "ಸೊಂಟದ ಮ್ಯಾಲಿಂದ ಇಳಿಸ್ತಿರ್‍ಲಿಲ್ಲ ಕಣಮ್ಮಿ ನನ್ನ. ನನಗೆ ಚೆನ್ನಾಗಿ ಗೆಪ್ತಿ ಅದೆ. ಆದ್ರೆ ಅದಕ್ಕೇ ಇಸ್ಕೂಲು ಬುಟ್ಟಳು ಅಂತ ನನಗೆ ಯಾರೂ ಹೇಳ್ನಿಲ್ಲ" ಅಂದರು.

ಒಳಗಿನಿಂದ ದೊಡ್ಡ ಮಗ ಬಂದು ಬಾಗಿಲಿನಲ್ಲಿ ನಿಂತ. ಮಾವ ಅವನ ಕಡೆ ತಿರುಗಲಿಲ್ಲ. "ನಾಳೆ ಹೇಳಿಕೆ ಕೊಡಬೇಕು ಅಂದ್ರೆ ಎಷ್ಟು ಗಂಟೆಗೆ ಬರಬೇಕು?" ಎಂದು ನನ್ನನ್ನೇ ಕೇಳಿದರು. ಮಗ ಏನೋ ಹೇಳಲು ಹೋದ. "ನಮ್ಮಪ್ಪ ಕೊಟ್ಟಿದ್ದು ಅವಳಿಗೆ. ನೀನು ಉತ್ತೆ, ತಿಂದೆ, ಆಯ್ತು" ಎಂದು ಅಷ್ಟಕ್ಕೇ ನಿಲ್ಲಿಸಿದರು. ಅತ್ತೆ ನನಗೆ ಊಟಕ್ಕೆ ಏಳಲು ಹೇಳಿದರು. ಆ ದಿನ ಆ ಮನೆಯಲ್ಲಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮಾವನ ಮಕ್ಕಳು ಕೆಟ್ಟವರಲ್ಲ, ಹದಿನೈದು ವರ್ಷ ಬೆವರು ಸುರಿಸಿದ ನೆಲ. ಅವರ ಮುಖ ನೋಡಲು ನನಗೂ ಕಷ್ಟವಾಗಿತ್ತು.

ಮರುದಿನ ಅಲ್ಲ, ಅದರ ಮರುವಾರ ಹೇಳಿಕೆಯಾಯಿತು. ಅಫಿಡವಿಟ್ಟು, ವಂಶವೃಕ್ಷ, ಮಹಜರು ಎಂದು ಏಳು ತಿಂಗಳು ಹಿಡಿಯಿತು. ಮಹಜರಿನ ದಿನ ಮಾವ ಕೋಲೂರಿಕೊಂಡು ಬಂದು ಹತ್ತು ಜನರ ಮುಂದೆ ಅವ್ವನ ಹಳೆಯ ಹೆಸರು ಹೇಳಿ, "ಇವಳೇ ಅವಳು, ಅವಳೇ ಇವಳು, ನಮ್ಮಕ್ಕ" ಅಂದರು. ಆ ಹೆಸರು ಕಿವಿಯ ಮೇಲೆ ಬಿದ್ದು ಎಷ್ಟು ಕಾಲವಾಗಿತ್ತು! ನನಗೆ ಅಭ್ಯಾಸಬಲ, ಅವ್ವ ನಗುತ್ತ ತಿರುಗಿದಳೇನೋ ಎಂದು ಹಿಂದಕ್ಕೆ ನೋಡಿದೆ.

ಕೊನೆಗೆ ಕೈಗೆ ಬಂದ ಕಾಗದದಲ್ಲಿ ಅವಳ ಎರಡು ಹೆಸರುಗಳ ನಡುವೆ 'ಉರುಫ್' ಎಂಬ ಒಂದು ಪದವಿತ್ತು. ಇಂಥವಳು ಉರುಫ್ ಇಂಥವಳು. ದಫ್ತರದ ಭಾಷೆ ನಮಗೆ ಒರಟು ಎನಿಸುತ್ತದೆ. ಆದರೆ ಆ ಪುಟ್ಟ ಪದ ಸವತಿಯರಿಬ್ಬರನ್ನು ಒಬ್ಬಳನ್ನಾಗಿ ಮಾಡಿತು. ಅತ್ತಿಕುಪ್ಪೆಯ ಹುಡುಗನೇ ಅದನ್ನು ತಂದುಕೊಟ್ಟ. ಅವನನ್ನು ನಾನು ಈಗ ಹಾಗೇ ಕರೆಯುವುದು. ಜಮೀನನ್ನು ಮಾವನ ಮಕ್ಕಳಿಗೇ ವಾರಕ್ಕೆ ಕೊಟ್ಟಿದ್ದೇವೆ. ಮೊದಲ ವರ್ಷ ಲೆಕ್ಕ ಕೊಡುವಾಗ ಮಾತು ಬಿಗಿಯಾಗಿತ್ತು, ಈ ವರ್ಷ ಸ್ವಲ್ಪ ಸಡಿಲವಾಗಿದೆ. ಬಾಗಿನ ತಪ್ಪಿಲ್ಲ.

ಕಿಕ್ಕೇರಿಯ ಬ್ರಹ್ಮೇಶ್ವರನ ಗುಡಿಗೆ ನಾನು ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹೊಯ್ಸಳರ ಕಾಲದ್ದು. ಮೊದಲೆಲ್ಲ ಮಕ್ಕಳಿಗೆ ಗೋಡೆಯ ಕೆತ್ತನೆ, ಕಂಬ, ಒಂದನೆಯ ನರಸಿಂಹನ ಕಾಲ ಎಂದು ಹೇಳಿ ಮುಗಿಸುತ್ತಿದ್ದೆ. ಆ ಗುಡಿಯನ್ನು 1171ರಲ್ಲಿ ಕಟ್ಟಿಸಿದ್ದು ಒಬ್ಬ ಹೆಂಗಸು, ಬಮ್ಮವೆ ನಾಯಕಿತಿ. ಈಗ ಅಲ್ಲಿ ನಿಲ್ಲಿಸಿ ಆ ಹೆಸರನ್ನು ಎಲ್ಲರ ಬಾಯಲ್ಲೂ ಗಟ್ಟಿಯಾಗಿ ಹೇಳಿಸುತ್ತೇನೆ. ಎಂಟುನೂರ ಐವತ್ತು ವರ್ಷದಿಂದ ಉಳಿದ ಹೆಸರು. ಎಲ್ಲರಿಗೂ ಗುಡಿ ಕಟ್ಟಿಸಲು ಆಗುವುದಿಲ್ಲವಲ್ಲ. ಅದೇ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಹೆಸರಿನ ಮೊದಲಕ್ಷರ. ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾವ್ ಅವರ ಮೊದಲಕ್ಷರ. ನಮ್ಮ ತಾಲ್ಲೂಕಿನ ಇಬ್ಬರು ದೊಡ್ಡವರೂ ಎಲ್ಲಿಗೆ ಹೋದರೂ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡು ಹೋದರು. ನಮ್ಮವ್ವ ಊರನ್ನೂ ಬಿಟ್ಟು ಹೆಸರನ್ನೂ ಬಿಟ್ಟು ಹೊರಟಳು, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಒಂದು ನೂರು ಪುಟದ ನೋಟ್‌ಬುಕ್ಕು, ಅದೇ ನಮ್ಮ ಊರಪುಸ್ತಕ. ಪ್ರತಿಯೊಬ್ಬರೂ ತಮ್ಮ ಮನೆಗೆ ಒಂದು ಪುಟ ಬರೆಯಬೇಕು. ಹೊಲದ ಹೆಸರು, ಹಳೆಯ ಬಾವಿಯ ಹೆಸರು, ಬಿದ್ದುಹೋದ ಮರದ ಹೆಸರು, ಯಾರು ಎಲ್ಲಿಂದ ಬಂದರು. ಹೆಂಗಸರಿಗೆ ಎರಡು ಅಂಕಣ ಹಾಕಿಸಿದೆ: ತವರಿನಲ್ಲಿ ಕರೆದ ಹೆಸರು, ಇಲ್ಲಿ ಕರೆಯುವ ಹೆಸರು. ಇದೆಂಥ ಕೆಲಸ ಎಂದು ಮಕ್ಕಳು ಮೊದಲು ಗೊಣಗಿದರು. ಒಂದು ವಾರ ಕಳೆದ ಮೇಲೆ ಹುಡುಗನೊಬ್ಬ ಬಂದು, "ಮಿಸ್, ನಮ್ಮಜ್ಜಿ ಹೆಸರು ಕೇಳಿದ್ದಕ್ಕೆ ಅತ್ತುಬಿಟ್ಟರು. ಎಪ್ಪತ್ತು ವರ್ಷದಿಂದ ಯಾರೂ ಕೇಳಿರಲಿಲ್ಲವಂತೆ" ಅಂದ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಬರೆದೆ: ತಾಲ್ಲೂಕು, ಅತ್ತಿಕುಪ್ಪೆ ಉರುಫ್ ಕೃಷ್ಣರಾಜಪೇಟೆ. ಸರ್ಕಾರದ ಮೊಹರಿಲ್ಲ. ಅದನ್ನೂ ದಾಖಲಾತಿ ಪುಸ್ತಕದ ಪಕ್ಕದಲ್ಲೇ ಬೀರುವಿನ ಮೇಲಿನ ಅಂಕಣದಲ್ಲಿಟ್ಟು ಬೀಗ ಹಾಕಿದ್ದೇನೆ. ನುಸಿಗುಳಿಗೆ ಹಾಕುವುದನ್ನು ಮರೆತಿಲ್ಲ.